ಬೀಗಿತಿಯ ಹಲ್ಲುನೋವು

"ಮಗಳ ಮಡ್ಲು ತುಂಬೋ ಹೊತ್ಗೇ ಹೊರಗಾಗ್ಬೇಕಾ ಇವ್ಳು?" ಎಂದು ನಡುಮನೆಯಲ್ಲಿ ಯಾರೋ ಹೆಂಗಸು ಅಂದದ್ದು ಹಿತ್ತಲ ಜಗಲಿಯವರೆಗೂ ಕೇಳಿಸಿತು. ಈಚಲು ಚಾಪೆಯ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ ವನಜಮ್ಮ ಸೆರಗನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡಳು. ಒಳಗೆ ಅವಳ ಹಿರಿಮಗಳು ರಂಗಲಕ್ಷ್ಮಿಯನ್ನು ಹಸೆಯ ಮೇಲೆ ಕೂರಿಸಿ ಹಸಿರು ಬಳೆ ತೊಡಿಸುತ್ತಿದ್ದರು. ಬಳೆಯ ಸದ್ದು, ಸೋಬಾನೆ, ನಗು ಎಲ್ಲವೂ ಕೇಳುತ್ತಿತ್ತು. ಮಗಳ ಮುಖ ಮಾತ್ರ ಕಾಣುತ್ತಿರಲಿಲ್ಲ.

ನಿಟ್ಟೂರಿನಿಂದ ಗಂಡ ಅಂಜಿನಪ್ಪ, ವಾರಗಿತ್ತಿ, ಇನ್ನೊಂದಿಷ್ಟು ನೆಂಟರ ಜೊತೆ ತಟ್ಟೆ ಹೊತ್ತುಕೊಂಡು ವನಜಮ್ಮ ಆ ಬೆಳಿಗ್ಗೆಯಷ್ಟೇ ಕುಣಿಗಲ್ ಕಡೆಯ ಈ ಊರಿಗೆ ಬಂದು ಇಳಿದಿದ್ದಳು. ಮಗಳಿಗೆ ಏಳು ತಿಂಗಳು. ಮಡಿಲು ತುಂಬಿ ತವರಿಗೆ ಕರೆದುಕೊಂಡು ಹೋಗುವ ಶಾಸ್ತ್ರ. ತಾಯಿಯಾದವಳೇ ಮೊದಲು ಅಕ್ಕಿ, ಕೊಬ್ಬರಿ, ಬೆಲ್ಲ ಹಾಕಬೇಕು. ಬಾಗಿಲಲ್ಲಿ ಕಾಲು ತೊಳೆದುಕೊಂಡವಳು ಹೊಸಿಲು ದಾಟಲಿಲ್ಲ. "ನಾನು ಮುಟ್ಟಂಗಿಲ್ಲ ಕಣವ್ವ, ದಾರೀಲೇ ಆಯ್ತು" ಎಂದು ಸುತ್ತಿಬಳಸಿ ಹಿತ್ತಲಿಗೆ ಹೋಗಿ ಕೂತುಬಿಟ್ಟಿದ್ದಳು. ತಿಂಗಳ ಮೂರು ದಿನ ಹೊರಗೆ ಕೂರುವ ಹೆಂಗಸನ್ನು ಯಾರೂ ಒಳಗೆ ಬಾ ಅನ್ನುವುದಿಲ್ಲ, ಯಾಕೆ ಎಂದು ಕೇಳುವುದೂ ಇಲ್ಲ. ಮಗಳ ಮಡಿಲನ್ನು ವಾರಗಿತ್ತಿ ತುಂಬಿದಳು.

ಊಟದ ಎಲೆ ತಂದವಳು ಬೀಗಿತಿ ನರಸಿಂಹಮ್ಮ. ರಂಗಲಕ್ಷ್ಮಿಯ ಅತ್ತೆ. ಗಂಡ ಸತ್ತ ಮೇಲೆ ಮನೆ, ಹೊಲ, ಮಗ ಮೂರನ್ನೂ ಒಬ್ಬಳೇ ನಡೆಸಿಕೊಂಡು ಬಂದ ಹೆಂಗಸು. ದನಿ ದೊಡ್ಡದು, ನಾಲಿಗೆ ಇನ್ನೂ ದೊಡ್ಡದು ಎಂದು ಊರಲ್ಲಿ ಅವಳಿಗೆ ಹೆಸರು. ಎಲೆಯನ್ನು ದೂರದಿಂದ ಇಟ್ಟು ಹೋಗುವುದು ಬಿಟ್ಟು ಅಲ್ಲೇ ಒರಳು ಕಲ್ಲಿನ ಮೇಲೆ ಕೂತಳು.

"ಉಣ್ಣು" ಅಂದಳು.

ವನಜಮ್ಮ ಒಂದು ತುತ್ತು ಬಾಯಿಗಿಟ್ಟಳು. ಒಗ್ಗರಣೆಯ ವಾಸನೆ ಮೂಗಿಗೆ ಬಡಿಯಿತೋ ಏನೋ, ಕಣ್ಣಲ್ಲಿ ನೀರು ಬಂತು. ಕಷ್ಟಪಟ್ಟು ನುಂಗಿದಳು.

"ಹೋಳಿ ಹುಣ್ಣಿಮೇಲಿ ಇವತ್ತಿನ ದಿನ ಗೊತ್ತು ಮಾಡಾಕೆ ನಿಮ್ಮೂರಿಗೆ ಬಂದಿದ್ನಲ್ಲ, ಅವತ್ತೂ ನೀನು ಹೊರಗೇ ಕೂತಿದ್ದೆ" ಅಂದಳು ನರಸಿಂಹಮ್ಮ. "ಯುಗಾದೀಲಿ ಬಾಗ್ಲಿಗೆ ಕಟ್ಟಿದ ಬೇವು ಇನ್ನೂ ಒಣಗಿಲ್ಲ. ಇನ್ನೂ ತಿಂಗ್ಳೇ ತುಂಬಿಲ್ಲ, ಮತ್ತೆ ಹೊರಗಾ?"

ವನಜಮ್ಮನ ಕೈ ಎಲೆಯ ಮೇಲೇ ನಿಂತಿತು.

ಹುಣ್ಣಿಮೆಯಲ್ಲಿ ಹೊರಗೆ ಕೂತದ್ದು ಕೇರಿಯವರ ಕಣ್ಣಿಗೆ. ಮುಟ್ಟು ನಿಂತಿದೆ ಎಂದು ಯಾರಿಗೂ ಗೊತ್ತಾಗಬಾರದು ಎಂದು ತಿಂಗಳು ತಿಂಗಳೂ ಲೆಕ್ಕ ತಪ್ಪದ ಹಾಗೆ ಕೂತಿದ್ದಳು. ಇವತ್ತು ಕೂತದ್ದು ಹಾಗಲ್ಲ. ಬಸುರಿಯಾದವಳು ಬಸುರಿಯ ಮಡಿಲು ತುಂಬಬಾರದು, ಹೊಟ್ಟೆಯ ಕೂಸಿಗೆ ಕೇಡು ಎನ್ನುತ್ತಾರೆ. ಬಸ್ಸಿನಲ್ಲಿ ಮಡಿಲಕ್ಕಿಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಬರುವಾಗ ಅದು ನೆನಪಾಗಿತ್ತು. ತಪ್ಪಿಸಿಕೊಳ್ಳಲು ಬೇರೆ ದಾರಿ ತೋಚಿರಲಿಲ್ಲ. ಬೀಗಿತಿ ಹುಣ್ಣಿಮೆಯನ್ನು ನೆನಪಿಟ್ಟುಕೊಂಡಿರುತ್ತಾಳೆ ಎನ್ನುವುದೂ ತೋಚಿರಲಿಲ್ಲ.

"ಎಷ್ಟ್ ತಿಂಗ್ಳು?" ಎಂದು ನರಸಿಂಹಮ್ಮ ಕೇಳಿದಳು. ಆ ದೊಡ್ಡ ದನಿ ಎಲ್ಲಿ ಹೋಗಿತ್ತೋ.

"ಮೂರು ತುಂಬಿಲ್ಲ" ಎಂದಳು ವನಜಮ್ಮ. ಅಂದ ಮೇಲೆ ಅವಳಿಗೆ ತಡೆಯಲಾಗಲಿಲ್ಲ. "ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ. ಮಗಳು ಬಾಣಂತಿ ಆಗೋ ಹೊತ್ಗೆ ತಾಯಿ ಹೊಟ್ಟೆ ಹೊತ್ಕಂಡವಳೆ ಅಂತ ಊರು ನಗ್ತದೆ. ನಿಮ್ಮ ಮನೇಲಿ ಅವಳು ತಲೆ ಎತ್ತಂಗಿಲ್ಲ. ಯಾರಿಗೂ ಹೇಳ್ಬ್ಯಾಡ. ಚೇಳೂರ ಕಡೆ ಒಬ್ಬ ಮುದ್ಕಿ ಅವಳೆ, ಬಸುರು ಇಳ್ಸಾಕೆ ಕಡ್ಡಿ ಹಾಕ್ತಾಳೆ. ಊರಿಗೆ ಹೋದೋಳೇ ನಾಳೆ ಹೋಯ್ತೀನಿ. ಯಾರ್ಗೂ ಗೊತ್ತಾಗಕಿಲ್ಲ."

"ನಿನ್ನ ಗಂಡ ಏನಂದ?"

"ಹೆಂಗಸ್ರ ವಿಷ್ಯ, ಏನಾನ ಮಾಡ್ಕೋ ಅಂದ. ಆಸ್ಪತ್ರೆ ಮಾತ್ರ ಬ್ಯಾಡ ಅಂದ. ಎಮರ್ಜೆನ್ಸೀಲಿ ಗಂಡಸ್ರನ್ನ ಆಪರೇಷನ್ನಿಗೆ ಹಿಡ್ಕಂಡು ಹೋಗಾಕೆ ಜೀಪ್ ಬಂದಾಗಿಂದ ಅವನಿಗೆ ಆಸ್ಪತ್ರೆ ಅಂದ್ರೆ ಎದೆ ಹೊಡ್ಕಂತದೆ."

"ಗೊತ್ತು ಗೊತ್ತು. ಕಬ್ಬಿನ ಗದ್ದೇಲಿ ಎರಡು ದಿನ ಅವಿತ್ಕಂಡಿದ್ನಂತಲ್ಲ ನಮ್ಮ ಬೀಗ. ನರಿಗಳೇ ಎದ್ದೋದ್ವಂತೆ."

ವನಜಮ್ಮನಿಗೆ ಅಳುವಿನ ನಡುವೆ ನಗು ಬಂತು. ನರಸಿಂಹಮ್ಮ ನಗಲಿಲ್ಲ. ಒರಳಿನ ಅಂಚಿಗೆ ಅಂಟಿದ್ದ ಹಿಟ್ಟನ್ನು ಉಗುರಿನಿಂದ ಕೆರೆಯುತ್ತಾ ಕೂತಿದ್ದಳು.

"ನಾನು ಮಗನ್ನ ಹೊತ್ಕಂಡಿದ್ದಾಗ ನಮ್ಮವ್ವನೂ ಬಸುರಿ" ಎಂದಳು. "ಅವ್ಳೂ ಹಿಂಗೇ ನಾಚ್ಕಂಡ್ಳು. ಅವ್ಳಿಗೂ ಒಬ್ಬ ಮುದ್ಕಿ ಸಿಕ್ಕಿದ್ಳು, ಕಡ್ಡಿ ಹಾಕೋಳು. ಜ್ವರ ಬಂತು, ಹೊಟ್ಟೆ ಉಬ್ಬುತು. ನನ್ನ ಬಾಣಂತನ ಮಾಡಿದ್ದು ನಮ್ಮ ಚಿಕ್ಕಮ್ಮ." ಉಗುರಿನ ಹಿಟ್ಟು ಕೊಡವಿ ಎದ್ದಳು. "ನನ್ನ ಸೊಸೆಗೆ ಹಂಗಾಗಾಕೆ ನಾನು ಬುಡಲ್ಲ. ಉಣ್ಣು, ಎಲೇಲಿ ಏನೂ ಬಿಡ್ಬ್ಯಾಡ. ನೀನು ಎಲ್ಲಿಗೂ ಹೋಗಂಗಿಲ್ಲ."

ಮಧ್ಯಾಹ್ನ ನೆಂಟರು ಹೊರಟು ನಿಂತಾಗ ನರಸಿಂಹಮ್ಮ ಜಗಲಿಯ ಮೇಲೆ ನಿಂತು ಮಾಮೂಲಿ ದನಿಯಲ್ಲೇ ಹೇಳಿದಳು: "ಹೊರಗಾದೋಳ ಜೊತೇಲಿ ಬಸುರಿ ಹೆಣ್ಣು ಹೊಸಿಲು ದಾಟಂಗಿಲ್ಲ. ಬೀಗಿತಿ ಇಲ್ಲೇ ಇರ್ಲಿ. ನೀರು ಹಾಕ್ಕಂಡ ಮೇಲೆ ತಾಯಿ ಮಗಳು ಒಟ್ಟಿಗೆ ಬತ್ತಾರೆ. ಏನಂತೀರಿ ಬೀಗ್ರೇ?"

ಅಂಜಿನಪ್ಪ ಏನಂದಾನು? ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು "ನೀವು ಹೇಳಿದ ಮೇಲೆ ಆಯ್ತು" ಎಂದು ಬಸ್ಸಿನ ದಾರಿ ಹಿಡಿದ. ಹೆಣ್ಣು ಕೊಟ್ಟ ಮನೆಯವನು, ಗಂಡಿನ ತಾಯಿಗೆ ಎದುರಾಡುವುದುಂಟೆ.

ವನಜಮ್ಮ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದ ದಿನವೇ ನರಸಿಂಹಮ್ಮ ಎಡಗೆನ್ನೆಗೆ ಕೈ ಹಿಡಿದುಕೊಂಡು ನರಳತೊಡಗಿದಳು. ಲವಂಗ ಕಚ್ಚಿದಳು, ಉಪ್ಪಿನ ಶಾಖ ಕೊಟ್ಟುಕೊಂಡಳು, ಪಕ್ಕದ ಮನೆಯವರೆಲ್ಲ ಬಂದು ನೋಡಿ ಹೋಗುವಷ್ಟು ಗದ್ದಲ ಮಾಡಿದಳು.

"ತುಮಕೂರಿಗೆ ಹೋಗಿ ಕೀಳುಸ್ಕಂಡು ಬರಾಣ ನಡಿಯವ್ವ" ಎಂದ ಮಗ.

"ನೀನು ಬ್ಯಾಡ ಕಣ್ಲಾ. ಹೋದ್ಸಲ ಜಾತ್ರೇಲಿ ನನ್ನ ಬಸ್ಟ್ಯಾಂಡಲ್ಲಿ ಬಿಟ್ಟು ಬೀಡಿ ಸೇದಾಕೆ ಹೋಗಿದ್ದೋನು. ಬೀಗಿತಿ ಬತ್ತಾಳೆ. ಹೊಲದ ಕಡೆ ನೋಡು, ನನ್ನ ಸೊಸೆ ಕೈಲಿ ನೀರು ಸೇದುಸ್ಬ್ಯಾಡ."

ತುಮಕೂರಿನ ಆಸ್ಪತ್ರೆಯಲ್ಲಿ ಉದ್ದನೆಯ ಬೆಂಚು, ಫಿನಾಯಿಲಿನ ವಾಸನೆ, ಕೈಗೂಸುಗಳ ಅಳು. ಸಾಲು ನಿಧಾನವಾಗಿ ಸರಿಯಿತು. ಬೆಂಚಿನ ಮೇಲೆ ವನಜಮ್ಮ ಯಾರಾದರೂ ನಿಟ್ಟೂರು, ಗುಬ್ಬಿ ಕಡೆಯವರು ಕಂಡಾರೆಂದು ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು. "ತೆಗಿ ಅದನ್ನ. ಕಳ್ಳಿ ಹಂಗೆ ಕೂತ್ರೆ ಎಲ್ರೂ ನಿನ್ನನ್ನೇ ನೋಡ್ತಾರೆ" ಎಂದು ನರಸಿಂಹಮ್ಮ ಗದರಿ, ತಾನೇ ಸೆರಗು ಸರಿಸಿದಳು.

ಡಾಕ್ಟರು ನಡುವಯಸ್ಸಿನ ಹೆಂಗಸು, ಮೂಗಿನ ತುದಿಯಲ್ಲಿ ಕನ್ನಡಕ. ವನಜಮ್ಮನನ್ನು ಪರೀಕ್ಷೆ ಮಾಡಿ ಕೈ ತೊಳೆಯುತ್ತಾ "ನೀವು ಇವರ ಅಕ್ಕನಾ?" ಎಂದು ಕೇಳಿದರು.

"ಬೀಗಿತಿ. ಇವರ ಮಗಳನ್ನ ನನ್ನ ಮಗನಿಗೆ ತಂದಿದೀನಿ."

ಡಾಕ್ಟರು ಕನ್ನಡಕದ ಮೇಲಿನಿಂದ ನೋಡಿದರು. "ಇಷ್ಟು ವರ್ಷದಲ್ಲಿ ಈ ಕೆಲಸಕ್ಕೆ ಬೀಗಿತಿಯನ್ನ ಕರ್ಕೊಂಡು ಬಂದವರನ್ನ ನಾನು ಕಂಡಿಲ್ಲಮ್ಮ."

"ಅವ್ಳು ಕರ್ಕಂಡು ಬಂದಿಲ್ಲ, ನಾನೇ ಎಳ್ಕಂಡು ಬಂದೆ."

"ಹಾಗಿದ್ರೆ ಸ್ವಲ್ಪ ಆಚೆ ಕೂತಿರಿ. ಇವರ ಹತ್ರ ನಾನು ಮಾತಾಡ್ಬೇಕು."

ನರಸಿಂಹಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಹೋದಳು. ಪರದೆ ಬಿತ್ತು. "ಇದಕ್ಕೆ ಕಾನೂನು ಬಂದಿದೆ, ತಪ್ಪೇನಲ್ಲ, ಹೆದರಬೇಡಿ" ಎಂದರು ಡಾಕ್ಟರು. "ಆದ್ರೆ ಬೀಗಿತಿ ಹೇಳಿದ್ರು ಅಂತ ಬೇಡ. ನಿಮಗೇನು ಬೇಕು ಹೇಳಿ."

"ಮಗಳ ಬಾಣಂತನ ಮಾಡ್ಬೇಕು ಕಣವ್ವ."

"ಅದು ಮಗಳ ವಿಷಯ ಆಯ್ತು. ನಿಮಗೆ?"

ವನಜಮ್ಮ ತನ್ನ ಕೈಗಳನ್ನು ನೋಡಿಕೊಂಡಳು. ನಲವತ್ತು ತುಂಬುತ್ತಾ ಬಂದ ಕೈಗಳು. ಮದುವೆ ಮಾಡಿದಾಗ, ಮನೆ ಬೇರೆಯಾದಾಗ, ಕೊನೆಯವನು ರಾಗಿ ಹೊಲದಲ್ಲೇ ಹುಟ್ಟಿ ನೆತ್ತರು ನಿಲ್ಲದೆ ಗಾಡಿಯಲ್ಲಿ ಹಾಕಿಕೊಂಡು ಬಂದಾಗ, ಬದುಕುಳಿದ ನಾಲ್ಕು ಮಕ್ಕಳಲ್ಲದೆ ಮಣ್ಣಿಗೆ ಹೋದ ಎರಡು ಕೂಸುಗಳ ಹೊತ್ತಿನಲ್ಲೂ ಅವಳನ್ನು ಹೀಗೆ ಯಾರೂ ಕೇಳಿರಲಿಲ್ಲ. ಕೇಳಿದರೆ ಏನು ಹೇಳಬೇಕು ಎಂದು ಅವಳೂ ಯೋಚಿಸಿಟ್ಟುಕೊಂಡಿರಲಿಲ್ಲ.

"ನಂಗೆ ಸಾಕಾಗೈತೆ" ಎಂದಳು. ಅಂದದ್ದು ತನಗೇ ಕೇಳಿಸಿದ ಹಾಗೆ ತಲೆಯೆತ್ತಿ, ಇನ್ನೊಮ್ಮೆ ಗಟ್ಟಿಯಾಗಿ ಹೇಳಿದಳು. "ಸಾಕಾಗೈತೆ ಕಣವ್ವ ನಂಗೆ."

ಡಾಕ್ಟರು ತಲೆಯಾಡಿಸಿದರು. ಮುಂದೆ ಮಕ್ಕಳಾಗದ ಹಾಗೆ ಮಾಡುವ ಮಾತನ್ನೂ ಎತ್ತಿ, "ಅದಕ್ಕೆ ಅವಸರವಿಲ್ಲ, ಯೋಚನೆ ಮಾಡಿ ಬನ್ನಿ" ಎಂದರು.

ಅಂದೇ ಕೆಲಸವಾಯಿತು. ವಾರ್ಡಿನಲ್ಲಿ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದ ನರಸಿಂಹಮ್ಮ, ವನಜಮ್ಮ ಕಣ್ಣು ಬಿಟ್ಟಾಗ ಹಣೆ ಮುಟ್ಟಿ ನೋಡಿದಳು. ಜ್ವರವಿಲ್ಲ. ಮತ್ತೆ ಮುಟ್ಟಿ ನೋಡಿದಳು. ಬೆಳಗಾಗುವವರೆಗೂ ಅದೇ ಕೆಲಸ. ವನಜಮ್ಮನಿಗೇ ಬೇಸರವಾಗಿ "ನನ್ನ ಹಣೆ ಸವೆದೋಯ್ತದೆ ಬುಡಕ್ಕ" ಅಂದಳು.

ಬೆಳಿಗ್ಗೆ ಬಸ್ಟ್ಯಾಂಡಿನ ಕಡೆ ಮೆಲ್ಲಗೆ ನಡೆದು ಬರುವಾಗ ನರಸಿಂಹಮ್ಮ ದಾರಿ ಮಧ್ಯೆ ನಿಂತಳು. ಎದುರಿಗೆ ಒಂದು ಅಂಗಡಿಯ ಮೇಲೆ ಬಾಯಿ ತೆರೆದ ಹಲ್ಲಿನ ಚಿತ್ರದ ಬೋರ್ಡು. "ಹಲ್ಲು ತೋರ್ಸು ಅಂತ ಮಗ ಕೇಳಿದ್ರೆ? ಪಕ್ಕದ ಮನೆ ಶಿವರಾಮಯ್ಯನ ಹೆಂಡ್ತಿ ಅಂತೂ ಬಾಯೊಳಕ್ಕೇ ಇಣುಕ್ತಾಳೆ" ಅಂದವಳು, ವನಜಮ್ಮನನ್ನು ಒಳಗಿನ ಕುರ್ಚಿಯಲ್ಲಿ ಕೂರಿಸಿ, ತಾನು ದೊಡ್ಡ ಕುರ್ಚಿಗೆ ಏರಿ ಬಾಯಿ ತೆರೆದಳು.

ಹಲ್ಲಿನ ಡಾಕ್ಟರು ಕಡ್ಡಿಯಿಂದ ಒಂದೊಂದನ್ನೂ ತಟ್ಟಿ ನೋಡಿದ. "ಎಲ್ಲಿ ನೋವು? ಇಲ್ಲಿ ಒಂದು ಚೂರು ಹುಳುಕು ಇದೆ, ಅಷ್ಟೇ. ಇನ್ನೂ ಹತ್ತು ವರ್ಷ ಬರುತ್ತೆ ಇದು."

"ಅದನ್ನೇ ಕೀಳಿ."

"ಗಟ್ಟಿ ಹಲ್ಲಮ್ಮ!"

"ನನ್ನ ಹಲ್ಲು, ನನ್ನ ಬಾಯಿ. ಗಟ್ಟಿ ಇದ್ರೆ ನೀನು ಗಟ್ಟಿಯಾಗಿ ಎಳಿ. ಎಡಗಡೇದು ಕಣಪ್ಪ, ಬಲಗಡೇದು ಮುಟ್ಟೀಯ, ಎಡಗಡೆ ಅಂತ ಊರಿಗೆಲ್ಲ ಹೇಳಿ ಬಂದಿದೀನಿ."

ವನಜಮ್ಮ ಎದ್ದು ಬಂದು ಅವಳ ಕೈ ಹಿಡಿದುಕೊಂಡಳು. "ಬ್ಯಾಡಕ್ಕಾ, ನನಗೋಸ್ಕರ ಇಷ್ಟೆಲ್ಲ…" ನರಸಿಂಹಮ್ಮ ಮಾತಾಡುವ ಸ್ಥಿತಿಯಲ್ಲಿರಲಿಲ್ಲ, ಇಕ್ಕಳ ಆಗಲೇ ಬಾಯೊಳಗಿತ್ತು. ಹಿಡಿದ ಕೈಯನ್ನು ಮಾತ್ರ ಎಷ್ಟು ಬಿಗಿಯಾಗಿ ಹಿಂಡಿದಳೆಂದರೆ ವನಜಮ್ಮನ ಬಳೆಯೊಂದು ಒಡೆಯಿತು.

ಊರಿಗೆ ಬಂದಾಗ ನರಸಿಂಹಮ್ಮನ ಎಡಗೆನ್ನೆ ಊದಿ ಕಣ್ಣು ಅರ್ಧ ಮುಚ್ಚಿತ್ತು. ಕೇರಿಯೆಲ್ಲ ಅವಳ ಸುತ್ತ ನೆರೆಯಿತು. ಶಿವರಾಮಯ್ಯನ ಹೆಂಡತಿ ನಿಜಕ್ಕೂ ಬಾಯೊಳಕ್ಕೆ ಇಣುಕಿದಳು. "ಹಲ್ಲು ಕೀಳಾಕೆ ಒಂದಿನ ಉಳ್ಕಬೇಕಾಯ್ತಾ?" ಎಂದ ಮಗನಿಗೆ ತೂತು ಬಿದ್ದ ಬಾಯಿಯಿಂದಲೇ ಬೈಗುಳ ಬಿತ್ತು. ಹಿಂದೆ ಗೋಡೆ ಹಿಡಿದು ಒಳಗೆ ಹೋದ ವನಜಮ್ಮನನ್ನು ಯಾರೂ ನೋಡಲಿಲ್ಲ. ಬಿಸಿಲಿಗೆ ಬಸ್ಸಿನಲ್ಲಿ ಬಂದು ಸುಸ್ತು ಅಂದುಕೊಂಡರು.

ರಂಗಲಕ್ಷ್ಮಿ ಮಾತ್ರ ನೋಡಿದಳು. ತಾಯಿ ಕೂರುವಾಗ ಹೊಟ್ಟೆಯ ಕೆಳಗೆ ಕೈ ಇಟ್ಟುಕೊಂಡದ್ದು ನೋಡಿದಳು. ಅತ್ತೆ ಊದಿದ ಮುಖದಲ್ಲೇ ಅಡಿಗೆಮನೆಗೆ ಹೋಗಿ ಮೆಣಸು, ಬೆಳ್ಳುಳ್ಳಿ ಹುರಿದು, ಸೊಸೆಯ ಬಾಣಂತನಕ್ಕೆಂದು ತೆಗೆದಿಟ್ಟಿದ್ದ ತುಪ್ಪದ ಗಡಿಗೆಯ ಬಾಯಿ ಬಿಚ್ಚಿದ್ದು ನೋಡಿದಳು.

ಮಾರನೆಯ ದಿನ ಬಚ್ಚಲ ಒಲೆ ಹೊತ್ತಿತು. ನರಸಿಂಹಮ್ಮ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ವನಜಮ್ಮನನ್ನು ಮಣೆಯ ಮೇಲೆ ಕೂರಿಸಿ, ಸೊಂಟಕ್ಕೆ ಎಣ್ಣೆ ತಿಕ್ಕಿ, ಹಂಡೆಯಿಂದ ತಂಬಿಗೆ ತಂಬಿಗೆ ಸುಡುವ ನೀರು ಹುಯ್ಯುತ್ತಿದ್ದಳು.

"ನೀನು ನಂಗೆ ನೀರು ಹಾಕಾದಾ ಅಕ್ಕಾ? ಗಂಡಿನ ತಾಯಿ ನೀನು. ಯಾರಾನ ನೋಡಿದ್ರೆ ಏನಂದಾರು?"

"ಶುಮ್ನೆ ಕೂತ್ಕ" ಎಂದಳು ನರಸಿಂಹಮ್ಮ. ಊತದಿಂದ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. "ಬೆನ್ನು ಬಗ್ಗಿಸು."

ಹಂಡೆಯ ನೀರು ಇಳಿಯುತ್ತಾ ಬಂತು. ಹೊರಗೆ ಬಿಂದಿಗೆ ಇಟ್ಟ ಸದ್ದಾಯಿತು. ಹೊಗೆಯ ಆಚೆ, ಒಲೆಯ ಬಾಯಿಯಲ್ಲಿ ರಂಗಲಕ್ಷ್ಮಿ ಭಾರದ ಹೊಟ್ಟೆ ಹೊತ್ತು ಕಾಲು ಮಡಿಸಿ ಕೂತಿದ್ದಳು. ಕೈತುಂಬ ಹಸಿರು ಬಳೆ.

"ಸಾಕು ಕಣೇ ಮಗಾ, ನೀರು ಸಾಕಷ್ಟು ಕಾದೈತೆ" ಎಂದಳು ವನಜಮ್ಮ ಒಳಗಿನಿಂದ.

ರಂಗಲಕ್ಷ್ಮಿ ಒಣಗಿದ ತೆಂಗಿನ ಮಟ್ಟೆಯೊಂದನ್ನು ಮುರಿದು ಒಲೆಗೆ ನೂಕಿದಳು. ಅದು ಹತ್ತಿ ಉರಿಯುವುದನ್ನು ನೋಡುತ್ತಿದ್ದು, ಇನ್ನೊಂದನ್ನು ಕೈಗೆತ್ತಿಕೊಂಡಳು.