ಬೇರೆ ಗಾಡಿಯ ಬಾಗಿಲು

ನಾನು ಹೆದ್ದಾರಿ ಗಸ್ತಿನ ಒಂದು ಪೊಲೀಸ್ ಕಾರು. ಮಾಜಿ ಎಂದು ಸೇರಿಸುವುದು ನ್ಯಾಯ. ಈಗ ನನ್ನನ್ನು ನೋಡಿದರೆ ನೀವು ನಂಬಲಿಕ್ಕಿಲ್ಲ, ನಂಬಿ ಎಂದು ನಾನು ದುಂಬಾಲು ಬೀಳುವುದೂ ಇಲ್ಲ. ಒಂದು ಕಾಲದಲ್ಲಿ ನಾನು ಯಾರೆಂದು ಸಾಕ್ಷಾತ್ ಪೊಲೀಸ್ ಇಲಾಖೆಗೇ ಗೊತ್ತಿರಲಿಲ್ಲ.

ಹುಟ್ಟಿದ್ದು ಎಲ್ಲ ಕಾರುಗಳ ಹಾಗೆ ಕಾರ್ಖಾನೆಯಲ್ಲಿ. ಆದರೆ ನಮ್ಮಲ್ಲಿ ಕೆಲವರನ್ನು ಬೇರೆ ಸಾಲಿಗೆ ಎಳೆದು ದೊಡ್ಡ ಎಂಜಿನ್ ಕೂರಿಸಿದರು. ತಿರುವಿನಲ್ಲಿ ವಾಲಬಾರದೆಂದು ಹೊಟ್ಟೆಯ ಕೆಳಗೆ ದಪ್ಪನೆಯ ಕಬ್ಬಿಣದ ಸರಳು ಬಿಗಿದರು. ಹಾವೇರಿಗೆ ಬಂದ ಮೇಲೆ ಪೊಲೀಸರ ಪಾಲಿನ ಶೃಂಗಾರ ಶುರುವಾಯಿತು. ನೆತ್ತಿಗೆ ನಾಲ್ಕು ತೂತು ಕೊರೆದು ಕೆಂಪು-ನೀಲಿ ದೀಪ ಕೂರಿಸಿದರು. ವೈರ್‌ಲೆಸ್‌ಗೆಂದು ಇನ್ನೊಂದು ಬ್ಯಾಟರಿ ಇಟ್ಟರು. ಎಡಗಡೆಯ ಮುಂದಿನ ಬಾಗಿಲಿನ ಮೇಲೆ ನನ್ನ ನಂಬರು ಬರೆಸಿದರು. ಫಲಕದ ಮೇಲೆ ಇದ್ದರೂ ಬಾಗಿಲ ಮೇಲೆ ಇನ್ನೊಮ್ಮೆ ಬರೆಸುವುದು ಅಲ್ಲಿಯ ರೂಢಿ.

ನಾನು ಮನುಷ್ಯರನ್ನು ಪಾದರಕ್ಷೆಯಿಂದ ಗುರುತಿಸುತ್ತೇನೆ. ನನ್ನ ಮೊದಲ ಚಾಲಕ ಹೆಡ್ ಕಾನ್‌ಸ್ಟೇಬಲ್ ಬಸಲಿಂಗಪ್ಪನವರದು ಕೆಂಪು ಬೂಟು. ಆ ಬೂಟು ಪೆಡಲಿನ ಮೇಲೆ ಇಳಿಯುವ ರೀತಿಯಲ್ಲೇ ಮುಂದೆ ಓಡುತ್ತಿರುವವನು ಬರೇ ಅವಸರದವನೋ ಕಳ್ಳನೋ ಎಂದು ನನಗೆ ತಿಳಿಯುತ್ತಿತ್ತು. ಸೈರನ್ ಕೂಗಿದರೆ ಸಾಕು, ಎಂಥ ದೊಡ್ಡಸ್ತಿಕೆಯವರ ಗಾಡಿಯೂ ಬದಿಗೆ ಸರಿಯುತ್ತಿತ್ತು. ಸುಳ್ಳೇಕೆ ಹೇಳಲಿ, ನನಗೆ ಸೊಕ್ಕು ಬಂದಿತ್ತು.

ಆ ಸೊಕ್ಕು ಇಳಿದದ್ದು ಮೋಟೆಬೆನ್ನೂರಿನ ಹತ್ತಿರ. ಕದ್ದ ಲಾರಿಯೊಂದನ್ನು ಬೆನ್ನಟ್ಟಿದ್ದೆವು. ಬಸಲಿಂಗಪ್ಪನವರು ನನ್ನನ್ನು ಅದರ ಪಕ್ಕಕ್ಕೆ ತಂದದ್ದೇ ತಡ, ಲಾರಿಯವನು ಸ್ಟೇರಿಂಗ್ ನಮ್ಮ ಮೇಲೆಯೇ ತಿರುಗಿಸಿದ. ಲಾರಿ ಸಿಕ್ಕಿತು, ಬಸಲಿಂಗಪ್ಪನವರಿಗೆ ಒಂದು ಗೀರೂ ಆಗಲಿಲ್ಲ. ನನ್ನ ಎಡಮಗ್ಗುಲು ಮಾತ್ರ ನಜ್ಜುಗುಜ್ಜಾಯಿತು.

ಹೊಸ ಬಾಗಿಲಿಗೆ ಅರ್ಜಿ ಹಾಕಿದರೆ ಅದು ಬರುವಷ್ಟರಲ್ಲಿ ನಾನು ತುಕ್ಕು ಹಿಡಿಯುತ್ತಿದ್ದೆ. ಪೊಲೀಸ್ ವರ್ಕ್‌ಶಾಪಿನವರಿಗೆ ಅದು ಚೆನ್ನಾಗಿ ಗೊತ್ತು. ಅಂಗಳದಲ್ಲಿ ನನ್ನದೇ ಜಾತಿಯ, ಆದರೆ ಸಣ್ಣ ಎಂಜಿನ್ನಿನ ಕಾರೊಂದು ಎಂಜಿನ್ ಒಳಗೇ ಬಿಗಿದು ಸೀಜಾಗಿ ನಿಂತಿತ್ತು. ಸಾಹೇಬರೊಬ್ಬರನ್ನು ಮನೆಯಿಂದ ಆಫೀಸಿಗೆ ಒಯ್ಯುತ್ತಿದ್ದ ಸಾಧು ಪ್ರಾಣಿ ಅದು. ಅದರ ಬಾಗಿಲು ಬಿಚ್ಚಿ ನನಗೆ ಹಾಕಿದರು. ಬಾಗಿಲಿಲ್ಲದೆ ನಿಂತರೆ ಒಳಗೆ ನಾಯಿ ಮರಿ ಹಾಕುತ್ತದೆಂದು ನನ್ನ ಜಜ್ಜಿದ ಬಾಗಿಲನ್ನು ಅದಕ್ಕೆ ಜೋತುಬಿಟ್ಟರು. ನಂಬರು ಅಳಿಸಿ ಬರೆಸುವ ಗೋಜಿಗೆ ಯಾರೂ ಹೋಗಲಿಲ್ಲ. ಫಲಕ ಇದೆಯಲ್ಲ, ಸಾಕು ಅಂದುಕೊಂಡರು.

ಹೀಗೆ ಇನ್ನೂ ನಾಲ್ಕು ವರ್ಷ ಓಡಿದೆ. ಬಸಲಿಂಗಪ್ಪನವರು ನಿವೃತ್ತರಾದರು, ಬೇರೆ ಬೇರೆ ಬೂಟುಗಳು ಬಂದು ಹೋದವು. ಕೊನೆಗೆ ನನ್ನನ್ನೂ ಹರಾಜಿನ ಸಾಲಿಗೆ ತಂದು, ಆ ಸಾಧು ಪ್ರಾಣಿಯ ಪಕ್ಕದಲ್ಲೇ ನಿಲ್ಲಿಸಿದರು. ದೀಪ ಕಿತ್ತು ತೂತಿಗೆ ಪುಟ್ಟಿ ಮೆತ್ತಿದರು, ಎರಡೂ ಬ್ಯಾಟರಿ ತೆಗೆದರು, ಬಾನೆಟ್ಟಿಗೆ ಸೀಲು ಹಾಕಿದರು, ನಂಬರು ಫಲಕಗಳನ್ನೂ ಬಿಚ್ಚಿಟ್ಟುಕೊಂಡರು. ಆಮೇಲೆ ಗುಮಾಸ್ತನೊಬ್ಬ ಕೊಡೆ ಹಿಡಿದುಕೊಂಡು ಬಂದು, ಬಾಗಿಲ ಮೇಲಿನ ನಂಬರು ನೋಡಿ ಪಟ್ಟಿಗೆ ಗುರುತು ಹಾಕಿಕೊಂಡು ಹೋದ. ನಾನು ಆಫೀಸಿನ ಕಾರಾದೆ: ಎಂಜಿನ್ ಸೀಜ್, ಓಡಿಸಲು ಅಯೋಗ್ಯ, ಗುಜರಿಗೆ ಮಾತ್ರ. ಗುಜರಿ ಅಂದರೆ ಕೊಂಡವರು ಕತ್ತರಿಸಲೇಬೇಕು. ನನ್ನ ಬಾಗಿಲು ತೊಟ್ಟ ಆ ಸಾಧು ಹೆದ್ದಾರಿಯ ಹುಲಿಯಾಯಿತು. ನನಗೆ ಕೋಪ ಬಂದಿತು, ಆದರೆ ಬ್ಯಾಟರಿ ಇಲ್ಲದ ಕಾರಿನ ಕೋಪಕ್ಕೆ ಹಾರ್ನ್ ಕೂಡ ಕೂಗುವುದಿಲ್ಲ.

ಹರಾಜಿನ ದಿನ ಮೊದಲು ಬಂದದ್ದು ಮಿರಮಿರನೆ ಮಿಂಚುವ ಒಂದು ಜೋಡಿ ಬೂಟು. ಹುಬ್ಬಳ್ಳಿಯ ವ್ಯಾಪಾರಿ ಅವರು. ಹಳೆಯ ಪೊಲೀಸ್ ಕಾರಿನ ಖಯಾಲಿ ಇರುವ ಶ್ರೀಮಂತರಿಗೆ ಹುಡುಕಿ ಕೊಡುವುದೇ ಅವರ ಕಸುಬು. ಫೋನಿನಲ್ಲಿ ಮಾತಾಡುತ್ತಲೇ ಪಕ್ಕದ ಕಾರಿನ ನಂಬರು ನೋಡಿದರು, ಜಜ್ಜಿದ ಬಾಗಿಲು ಸವರಿ ಖುಷಿಪಟ್ಟರು, ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಆಮೇಲೆ ಎರಡು ಜೊತೆ ಚಪ್ಪಲಿ ಬಂದವು. ದಪ್ಪ ತೊಗಲಿನವು ಮೆಕ್ಯಾನಿಕ್ ದಾವಲಸಾಬರವು. ಹವಾಯಿ ಚಪ್ಪಲಿ ರಾಣೆಬೆನ್ನೂರಿನಲ್ಲಿ ಡ್ರೈವಿಂಗ್ ಸ್ಕೂಲು ನಡೆಸುವ ನೀಲಗಂಗಕ್ಕನದು. ಅವಳ ಕಥೆ ನನಗೆ ಗೊತ್ತಾದದ್ದು ಮುಂದೆ, ಅವಳು ನನ್ನೊಳಗೆ ಕೂತು ಪಾಠ ಹೇಳುವಾಗ. ಹಿಂದೊಮ್ಮೆ ಎದೆನೋವೆಂದು ಅವಳ ಅವ್ವನನ್ನು ಆಂಬುಲೆನ್ಸಿನಲ್ಲಿ ಒಯ್ಯುತ್ತಿದ್ದಾಗ, ಚಾಲಕ ತಿರುವಿನ ನಟ್ಟನಡುವೆ ಬ್ರೇಕ್ ಒತ್ತಿ ಗಾಡಿಯನ್ನು ಗದ್ದೆಗೆ ಮಲಗಿಸಿದ್ದ. ಅವ್ವನ ಎದೆ ನೆಟ್ಟಗಾಯಿತು, ಅಂದು ಮುರಿದ ಸೊಂಟ ಆಗಲಿಲ್ಲ. ಅಂದಿನಿಂದ ಆಂಬುಲೆನ್ಸ್ ಚಾಲಕರಿಗೆ ವೇಗದಲ್ಲಿ ಬ್ರೇಕ್ ಹಿಡಿಯುವುದನ್ನು ಕಲಿಸಬೇಕೆಂಬುದು ಅವಳ ಹಟ. ಆಸ್ಪತ್ರೆಯ ಟ್ರಸ್ಟೊಂದು ತನ್ನ ಚಾಲಕರನ್ನು ಕಳಿಸಲು ಒಪ್ಪಿತ್ತು. ಷರತ್ತು ಒಂದೇ, ಮುಂದಿನ ತಿಂಗಳೊಳಗೆ ಅಂಥ ವೇಗ ತಾಳುವ ಕಾರು ಅವಳ ಬಳಿ ಇರಬೇಕು. ಇಲ್ಲವಾದರೆ ಆ ಕೆಲಸ ಬೇರೆಯವರ ಪಾಲು.

ಅವಳೂ ಮೊದಲು ಪಕ್ಕದ ಕಾರಿಗೇ ಹೋದಳು. ಗೋಣಿಚೀಲ ಹಾಸಿ ಅದರ ಕೆಳಗೆ ಮಲಗಿದಳು. ಅಲ್ಲಿ ದಪ್ಪ ಸರಳು ಕಾಣದೆ ಹೊರಬಂದು, ಏನೋ ಯೋಚಿಸಿ, ಚೀಲವನ್ನು ನನ್ನ ಕೆಳಗೆ ಎಳೆದಳು. ಅಷ್ಟು ವರ್ಷದಲ್ಲಿ ಮೆಕ್ಯಾನಿಕ್ ಅಲ್ಲದವರೊಬ್ಬರ ಮುಖ ನನಗೆ ಅಷ್ಟು ಹತ್ತಿರದಿಂದ ಕಂಡದ್ದು ಅದೇ ಮೊದಲು. ಹಣೆಯ ಕುಂಕುಮಕ್ಕೆ ಧೂಳು ಮೆತ್ತಿತ್ತು. ಟಾರ್ಚ್ ಬೆಳಕು ನನ್ನ ದಪ್ಪ ಸರಳಿನ ಮೇಲೆ ಬಿದ್ದು ಅಲ್ಲೇ ನಿಂತಿತು. ಆಮೇಲೆ ಅವಳು ಎದ್ದು ನೆತ್ತಿ ಸವರಿ ಪುಟ್ಟಿಯ ನಾಲ್ಕು ಗುರುತು ಎಣಿಸಿದಳು. ಹಿಂದಿನ ಸೀಟಿನ ಕೆಳಗೆ ಬಂದೂಕಿನ ಹಿಡಿ ತಾಗಿ ತಾಗಿ ಸವೆದ ಜಾಗ ಮುಟ್ಟಿ ನೋಡಿದಳು. ನನಗೆ ಅಳು ಬರುವುದೊಂದು ಬಾಕಿ.

ದಾವಲಸಾಬರೂ ಬಗ್ಗಿ ನೋಡಿ, ದನಿ ತಗ್ಗಿಸಿದರು.

“ಸುಮ್ನಿರ ತಂಗಿ. ಗುಜರಿ ರೇಟಿನ್ಯಾಗ ಹುಲಿ ಸಿಕ್ಕೈತಿ. ಎಂಜಿನ್ನು, ಸರಳು ಬಿಚ್ಚಿ ಬ್ಯಾರೆ ಬಾಡಿಗೆ ಹಾಕ್ತೀನಿ, ಯಾರಿಗೂ ಗೊತ್ತಾಗಂಗಿಲ್ಲ.”

ನೀಲಗಂಗಕ್ಕ ಅಲ್ಲೇ ಕುಕ್ಕರುಗಾಲಲ್ಲಿ ಕೂತಳು. ಬಾಯಿ ಮುಚ್ಚಿಕೊಂಡರೆ ನಾನು ಅಗ್ಗಕ್ಕೆ ಸಿಗುತ್ತೇನೆ, ಆದರೆ ತುಂಡು ತುಂಡಾಗಿ. ಬಾಯಿ ತೆರೆದರೆ ಮಿರಮಿರ ಬೂಟಿನವರು ನನ್ನನ್ನು ಅವಳ ಕಣ್ಣೆದುರಿಗೇ ಎತ್ತಿಕೊಂಡು ಹೋಗಬಹುದು. ಆಗ ಕಾರೂ ಇಲ್ಲ, ಚಾಲಕರೂ ಇಲ್ಲ.

“ಕದ್ದ ಎಂಜಿನ್ ಮ್ಯಾಲ ಕುಂತು ನಾ ಯಾರಿಗೆ ಕಾನೂನು ಕಲಿಸ್ಲಿ ಕಾಕಾ? ನನಗ ಇದರ ಬರೇ ಎಂಜಿನ್ ಬ್ಯಾಡ. ಇಡೀ ಗಾಡಿ ಬೇಕು,” ಎಂದಳು.

ದಾವಲಸಾಬರು ಹಣೆ ಚಚ್ಚಿಕೊಳ್ಳುತ್ತಿದ್ದಂತೆ ಅವಳು ಹರಾಜಿನ ಮೇಜಿನ ಹತ್ತಿರ ಹೋದಳು. ಅಲ್ಲಿದ್ದ ಸಬ್ ಇನ್‌ಸ್ಪೆಕ್ಟರ್ ಕರೆಣ್ಣವರ್ ಸಾಹೇಬರು ಮೊದಲು ಗದರಿದರು. ಪಟ್ಟಿ ಮಂಜೂರಾಗಿ ಬಂದಿದೆ, ನಡುವೆ ತಕರಾರು ಮಾಡಬೇಡಿ ಅಂದರು. ಅವಳು ಅಲುಗಲಿಲ್ಲ.

“ಸಾಹೇಬ್ರ, ಬಾಗಲಾ ಆ ಗಾಡೀದು, ಮೈ ಈ ಗಾಡೀದು. ಚಾಸಿ ನಂಬರಿನ ಪ್ರಿಂಟ್ ತಗದ ನೋಡ್ರಿ. ನಂದು ತಪ್ಪಿದ್ರ ನಾ ಹರಾಜಿಗೇ ನಿಲ್ಲಂಗಿಲ್ಲ.”

ಕಾನ್‌ಸ್ಟೇಬಲ್ ಒಬ್ಬ ನನ್ನ ಚಾಸಿಯ ಮೇಲಿನ ಬಣ್ಣ ಕೆರೆದು, ತೆಳುವಾದ ಕಾಗದ ಒತ್ತಿ, ಪೆನ್ಸಿಲಿನಿಂದ ತಿಕ್ಕಿದ. ಹುಟ್ಟಿದಾಗ ಕೆತ್ತಿದ ಅಂಕಿಗಳು ಒಂದೊಂದಾಗಿ ಮೂಡಿದವು. ಕರೆಣ್ಣವರ್ ಸಾಹೇಬರು ಕಾಗದವನ್ನು ಪಟ್ಟಿಗೆ ಹಿಡಿದು ಎರಡು ಸಲ ಓದಿದರು. ಮೂರನೆಯ ಸಲ ಓದುವಾಗ ಟೋಪಿ ತೆಗೆದು ಬೆವರು ಒರೆಸಿಕೊಂಡರು. ಮೇಲಿನವರಿಗೆ ಫೋನ್ ಮಾಡಿ, ಪಟ್ಟಿ ತಿದ್ದಿಸಿ, ನಮ್ಮಿಬ್ಬರನ್ನೂ ಕೊನೆಗೆ ಕೂಗುವುದೆಂದು ಹೇಳಿದರು. ಅಷ್ಟರಲ್ಲಿ ಮಿರಮಿರ ಬೂಟು ನನ್ನ ಮುಂದೆ ಬಂದು ನಿಂತಾಗಿತ್ತು.

ನನ್ನ ಸರದಿ ಬಂದಾಗ ಸಾಹೇಬರು ನನ್ನ ನಿಜವಾದ ದಾಖಲೆಯನ್ನು ಗಟ್ಟಿಯಾಗಿ ಓದಿದರು. ಓಡಿದ್ದು ಮೂರು ಲಕ್ಷ ಎಂಬತ್ತು ಸಾವಿರ ಕಿಲೋಮೀಟರು. ಅಪಘಾತ ಒಂದು. ಗೇರ್‌ಬಾಕ್ಸ್ ಬದಲಿಸಿದ್ದು ಎರಡು ಸಲ. ಒಂದೊಂದು ಸಾಲಿಗೂ ಆ ಬೂಟು ಒಂದೊಂದು ಹೆಜ್ಜೆ ಹಿಂದೆ ಸರಿಯಿತು. ಅವರ ಗಿರಾಕಿಗೆ ಬೇಕಾದದ್ದು ಹೆಸರಿಗೆ ಪೊಲೀಸ್ ಕಾರು, ಮೈಗೆ ಹೊಸ ಕಾರು. ಪಟ್ಟಿ ತಿದ್ದದೆ ಹೋಗಿದ್ದರೆ ಓಡದ ಕಾರನ್ನು ಹೊತ್ತುಕೊಂಡು ಹೋಗುತ್ತಿದ್ದೆನಲ್ಲ ಎಂದು ನೀಲಗಂಗಕ್ಕನಿಗೆ ಕೈಮುಗಿದು ಹೊರಟರು. ಗುಜರಿಯವನೊಬ್ಬ ಮಾತ್ರ ಪಟ್ಟು ಹಿಡಿದ. ಅವನು ಏರಿಸಿದಾಗಲೆಲ್ಲ ಹವಾಯಿ ಚಪ್ಪಲಿಯ ಬೆರಳುಗಳು ಮುದುಡಿಕೊಳ್ಳುತ್ತಿದ್ದವು, ಆದರೆ ದನಿ ನಡುಗಲಿಲ್ಲ. ಕೊನೆಗೆ ಅವನೇ ಬೇಸತ್ತು ಬೀಡಿ ಹಚ್ಚಿದ. ಮೂರನೆಯ ಕೂಗಿಗೆ ನಾನು ಅವಳವನಾದೆ.

ಅದು ನಡೆದು ಆರು ವರ್ಷವಾಯಿತು. ದಾವಲಸಾಬರು ನನಗೆ ಎರಡನೆಯ ಬ್ರೇಕ್ ಪೆಡಲು ಕೂರಿಸಿದರು. ಈಗ ನನ್ನೊಳಗೆ ಒಮ್ಮೆಗೆ ಎರಡು ಜೊತೆ ಕಾಲು. ಒಂದು ಹೆದರುತ್ತದೆ, ಇನ್ನೊಂದು ಧೈರ್ಯ ಹೇಳುತ್ತದೆ. ಮಾರುಕಟ್ಟೆಯ ಖಾಲಿ ಬಯಲಿನಲ್ಲಿ ಆಂಬುಲೆನ್ಸ್ ಚಾಲಕರು ನನ್ನನ್ನು ಓಡಿಸಿ, ತಪ್ಪಿ, ಮತ್ತೆ ಓಡಿಸಿ ಕಲಿತರು. ಅವಳ ಪಾಠ ಒಂದೇ: ಬ್ರೇಕು ತಿರುವಿಗೆ ಮೊದಲು, ತಿರುವಿನೊಳಗೆ ಬೇಡ. ಈಗ ನನಗೂ ಏದುಸಿರು. ಬೆಳಿಗ್ಗೆ ಸ್ಟಾರ್ಟ್ ಆಗಲು ಎರಡು ಸಲ ಕೇಳಿಕೊಳ್ಳಬೇಕು.

ಮೊನ್ನೆ ಅವಳು ಅವ್ವನನ್ನು ನನ್ನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹಾನಗಲ್ಲಿನ ನೆಂಟರ ಮನೆಗೆ ಹೊರಟಿದ್ದಳು. ಹಿಂದೆ ಸೈರನ್ ಕೇಳಿತು. ನಾವು ಬದಿಗೆ ಸರಿದೆವು. ಆಂಬುಲೆನ್ಸ್ ಗುಂಯ್ಯೆಂದು ದಾಟಿ ಮುಂದಿನ ತಿರುವಿನತ್ತ ಓಡಿತು. ಅವ್ವ ಮುಂದಿನ ಸೀಟಿನ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡಳು. ತಿರುವಿಗೆ ಇನ್ನೂ ಮೂವತ್ತು ಮಾರು ಇರುವಾಗಲೇ ಅದರ ಬ್ರೇಕಿನ ಕೆಂಪು ದೀಪ ಹೊತ್ತಿತು. ಬಾಗುವ ಹೊತ್ತಿಗೆ ಆರಿತು. ಗಾಡಿ ಒಳಗಿನವರಿಗೆ ಗೊತ್ತೇ ಆಗದಷ್ಟು ಮೆತ್ತಗೆ ತಿರುಗಿ ಕಣ್ಮರೆಯಾಯಿತು. ಓಡಿಸುತ್ತಿದ್ದವನ ಮುಖ ನಮಗೆ ಯಾರಿಗೂ ಕಂಡಿರಲಿಲ್ಲ.

“ಯಾರ ಅಂವಾ?” ಅವ್ವ ಕೇಳಿದಳು.

“ನಮ್ಮಾಂವ,” ಎಂದಳು ನೀಲಗಂಗಕ್ಕ.

ಅವ್ವ ಸೀಟಿನ ಬೆನ್ನು ಬಿಟ್ಟು, ಸೊಂಟ ಸರಿಮಾಡಿಕೊಂಡು ಹಿಂದಕ್ಕೆ ಒರಗಿದಳು.