ಹೊತ್ತು ಮುಳುಗಿದ ಮೇಲೆ ಬುತ್ತಿ ಬಿಚ್ಚದವರು

ಉಗಾರ ಬುದ್ರುಕದ ಸುಗಂಧಾ ಓದು ಮುಗಿಸಿ ಪುಣೆಯಿಂದ ಊರಿಗೆ ಮರಳಿದಾಗ ಅವಳ ಚೀಲದಲ್ಲಿ ಒಂದು ದಪ್ಪ ಇಂಗ್ಲಿಷ್ ಪುಸ್ತಕವೂ ಏಳು ದಾಳಗಳೂ ಇದ್ದವು. ಅದು ಆಡುವ ಪುಸ್ತಕ. ಒಬ್ಬರು ಕಥೆ ಹೇಳಬೇಕು, ಸುತ್ತ ಕೂತವರು ಆ ಕಥೆಯೊಳಗಿನ ಮನುಷ್ಯರಾಗಬೇಕು. ಹೊಳೆ ದಾಟಿದರೋ ಮುಳುಗಿದರೋ, ಕಳ್ಳರ ಕೈಗೆ ಸಿಕ್ಕರೋ ಪಾರಾದರೋ, ಅದನ್ನು ದಾಳ ಹೇಳುತ್ತದೆ.

ಮೊದಲ ಆಟ ನಡೆದದ್ದು ಅವಳ ಮನೆಯ ಪಡಸಾಲೆಯಲ್ಲಿ. ಕಥೆಯೊಳಗೆ ಕಾಡು, ಕತ್ತಲೆ. ರಾಯಬಾಗದಿಂದ ಟ್ರ್ಯಾಕ್ಟರಿನಲ್ಲೇ ಬಂದಿದ್ದ ಮಲ್ಲೇಶ, ಆಟದಲ್ಲಿ ಭೈರು ಎಂಬ ಬಂಟನಾಗಿದ್ದವನು, "ಬೆಂಕಿ ಹಚ್ಚಿ ರೊಟ್ಟಿ ಬಿಸಿ ಮಾಡತೀನ್ರಿ ಅಕ್ಕಾರ, ಹಸ್ತು ಸಾಯಾಕತ್ತೀನಿ" ಅಂದ.

ಜೋಕಾಲಿಯ ಮೇಲೆ ಜಪಮಣಿ ಎಣಿಸುತ್ತಿದ್ದ ಜಿನ್ನಪ್ಪಜ್ಜ ತಲೆಯೆತ್ತಿದ.

"ಯವ್ವಾ ಸುಗಂಧಾ, ಈ ಮಂದಿ ರಾತ್ರಿ ಉಣ್ಣತಾರೇನ?"

ತಲೆಮಾರುಗಳಿಂದ ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟದ ಜೈನರ ಮನೆ ಅದು. ಸುಗಂಧಾಳ ಬಾಯಿಂದ ಉತ್ತರ ತಾನಾಗಿ ಬಂತು: "ಇಲ್ಲಜ್ಜಾ, ಉಣ್ಣೂದಿಲ್ಲ."

"ಪುಸ್ತಕದಾಗ ಹಂಗ ಐತೇನ?"

"ಐತಜ್ಜಾ."

ಅಜ್ಜ ಸಮಾಧಾನದಿಂದ ಮುಂದಿನ ಮಣಿ ಸರಿಸಿದ. ಅಂದು ಸಂಜೆ ಸುಗಂಧಾ, ಆಟದ ನಿಯಮಗಳನ್ನು ಕನ್ನಡಕ್ಕೆ ಇಳಿಸಿಕೊಳ್ಳುತ್ತಿದ್ದ ತನ್ನ ವಹಿಯ ಹಾಳೆಯಲ್ಲಿ ಬರೆದಳು: ಹೊತ್ತು ಮುಳುಗಿದ ಮೇಲೆ ಬುತ್ತಿ ಬಿಚ್ಚಬಾರದು, ಬಿಚ್ಚಿದವರ ದಾಳ ಬೆಳಗಿನ ತನಕ ಅರ್ಧವೇ ಲೆಕ್ಕ.

ಮುನ್ನೂರು ಪುಟದ ಸಣ್ಣಕ್ಷರ ಓದುವವರು ಯಾರು? ನಲವತ್ತು ಪುಟದ ಆ ವಹಿಯೇ ಝೆರಾಕ್ಸ್ ಆಗಿ ಅಥಣಿಗೆ ಹೋಯಿತು, ಕಾಗವಾಡಕ್ಕೆ ಹೋಯಿತು, ಹೊಳೆ ದಾಟಿ ರಾಯಬಾಗಕ್ಕೆ ಹೋಯಿತು. ಆರು ವರ್ಷದಲ್ಲಿ ಎಂಟು ಟೇಬಲ್ಲು, ಅಂದರೆ ಆಡುವವರ ಎಂಟು ಗುಂಪು, ಹುಟ್ಟಿದವು. ಎಲ್ಲಿ ಆಡಿದರೂ ಆ ನಿಯಮವೇ ಆಟದ ಜೀವ. ಕಥೆಯೊಳಗಿನ ಮಂದಿ ಸೂರ್ಯನ ಜೊತೆ ಪಂತ ಕಟ್ಟಿ ಓಡುತ್ತಿದ್ದರು. ಗುಡ್ಡದ ಮೇಲೆ ಒಂದು ಗೇಣು ಬಿಸಿಲು ಉಳಿದಿದೆ ಎಂದರೆ ಹೊರಗೆ ಕೂತವರ ಎದೆ ಬಡಿದುಕೊಳ್ಳುತ್ತಿತ್ತು. ಮಲ್ಲೇಶನ ಭೈರು ಸತ್ತದ್ದೂ ಹಾಗೆಯೇ. ಗವಿಯೊಳಗೆ ಸಿಕ್ಕಿಬಿದ್ದ, ಹೊರಗೆ ಹಗಲೋ ರಾತ್ರಿಯೋ ತಿಳಿಯದು. ಐದು ದಿನ ರೊಟ್ಟಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತು, ರಾತ್ರಿಯಿದ್ದೀತೆಂದು ಬಿಚ್ಚದೆಯೇ ಪ್ರಾಣ ಬಿಟ್ಟ. ಅಂದು ಮಲ್ಲೇಶ ಟವೆಲಿನಲ್ಲಿ ಮುಖ ಮುಚ್ಚಿ ಅತ್ತಿದ್ದ. ಸ್ವಂತ ಮನೆಯಲ್ಲಿ ಹತ್ತು ಗಂಟೆಗೆ ಉಣ್ಣುವ ಮನುಷ್ಯ ಅವನು.

ಈ ವರ್ಷ ಪುಸ್ತಕದ ಹೊಸ ಆವೃತ್ತಿ ಬಂತು. ನಿಪ್ಪಾಣಿಯ ವಿಕ್ರಾಂತ ಎಲ್ಲರಿಗಿಂತ ಮೊದಲು ತರಿಸಿ, ಪುಟ ಪುಟ ಓದಿ, ವಾಟ್ಸಾಪ್ ಗುಂಪಿನಲ್ಲಿ ಹಾಕಿದ: "ಹೊಸಾದರಾಗ ಬುತ್ತಿ ನಿಯಮ ತಗದಾರ."

ಬೆಂಕಿ ಬಿತ್ತು. ಕೆಲವರು ಹೊಸದೇ ಚಂದ ಅಂದರು, ಹಲವರು ಆಟದ ಆತ್ಮವನ್ನೇ ಕೊಂದರು ಅಂದರು. ಅಥಣಿಯ ಕಾಲೇಜಿನಲ್ಲಿ ಪಾಠ ಹೇಳುವ ಮನಿಷಾ ಬಿರುಸಾದ ಇಂಗ್ಲಿಷಿನಲ್ಲಿ ಕಂಪನಿಗೆ ಪತ್ರ ಬರೆದಳು: ನಮ್ಮ ನಿಯಮ ನಮಗೆ ವಾಪಸು ಕೊಡಿ. ಅರವತ್ತೆರಡು ಜನ ಸಹಿ ಹಾಕಿದರು. ಸುಗಂಧಾ ಹಾಕಲಿಲ್ಲ, ಬೇಡ ಅನ್ನಲೂ ಇಲ್ಲ. ಸಮುದ್ರದಾಚೆಯ ಕಂಪನಿ ಉತ್ತರ ಕೊಡಲಿಕ್ಕಿಲ್ಲ ಎಂದುಕೊಂಡಳು.

ಕೊಟ್ಟಿತು. ಎಂಟೂ ಟೇಬಲ್ಲಿನವರು ಚಿಕ್ಕೋಡಿಯಲ್ಲಿ ಮದುವೆ ನಡೆಯುವ ಮಂಗಲ ಕಾರ್ಯಾಲಯದಲ್ಲಿ ಸೇರಬೇಕೆಂದು ಭಾನುವಾರ ಮಧ್ಯಾಹ್ನ ನಿಗದಿಯಾಯಿತು. ಹೊರಡುವ ಮೊದಲು ಸುಗಂಧಾ ಅಜ್ಜನ ಕಾಲ ಬಳಿ ಕೂತು ಎಲ್ಲ ಹೇಳಿಬಿಟ್ಟಳು. ಜಿನ್ನಪ್ಪಜ್ಜ ಕಾಲೂರಿ ಜೋಕಾಲಿ ನಿಲ್ಲಿಸಿದ.

"ನನಗ ಹೇಳಿದಿ," ಅಂದ. "ಇನ್ನ ಅವರಿಗೆ ಹೇಳು."

ಕಾರ್ಯಾಲಯದಲ್ಲಿ ವಿಕ್ರಾಂತ ಕಂಪನಿಯ ಉತ್ತರವಿದ್ದ ಮೊಬೈಲು ಹಿಡಿದು ನಿಂತಿದ್ದ. "ಕನ್ನಡದಾಗ ಹೇಳತೀನಿ, ಕೇಳ್ರಿ. ನಿಮ್ಮ ಪ್ರೀತಿಗೆ ಆಭಾರಿ. ಆದ್ರ ನೀವು ಹೇಳೋ ನಿಯಮ ನಮ್ಮ ಯಾವ ಆವೃತ್ತಿಯೊಳಗೂ ಯಾವತ್ತೂ ಇರಲಿಲ್ಲ." ಅವನು ನಗು ತಡೆಯಲಾರದೆ ಮೇಜು ಬಡಿದ. "ನಾನೂ ಹಳೇ ಪುಸ್ತಕ ಈಗ ತಗದು ನೋಡೀನ್ರಿ. ಖರೇನ ಇಲ್ಲ! ಅರವತ್ತೆರಡು ಶಾಣ್ಯಾರು ಸೈ ಮಾಡಿ, ಇಲ್ಲದ್ದು ವಾಪಸ್ ಕೊಡ್ರಿ ಅಂತ ಜಗಳಾ ತಗದಾರ!"

"ಮಾನ ಹೋತಲೇ," ಅಂತ ಹಿಂದಿನಿಂದ ಯಾರೋ ಅಂದರು.

ಸುಗಂಧಾ ಎದ್ದು ನಿಂತಳು. ಅವಳ ಕಣ್ಣು ಹುಡುಕಿದ್ದು ಒಬ್ಬನನ್ನೇ. ಮಲ್ಲೇಶ ಗೋಡೆಗೆ ಒರಗಿ ನಿಂತು ನೆಲ ನೋಡುತ್ತಿದ್ದ.

"ಅದನ್ನ ಬರದಾಕಿ ನಾನು," ಅಂದಳು. "ಪುಸ್ತಕದಾಗ ಐತಿ ಅಂತ ಅಜ್ಜಗ ಸುಳ್ಳ ಹೇಳಿದೆ, ನಿಮಗೂ ಹೇಳಿದೆ. ನೀವು ಸೈ ಮಾಡೂ ಮುಂದ ಬಾಯಿ ಮುಚ್ಚಕೊಂಡು ಕುಂತೆ. ಆ ಸುಳ್ಳಿಗೆ ನಿಮ್ಮೆಲ್ಲಾರ ಕ್ಷಮಾ ಬೇಡತೀನಿ."

ಪರ್ವ ಮುಗಿದ ದಿನ ಬಸದಿಯಲ್ಲಿ ಜೈನರು ವರ್ಷದ ತಪ್ಪಿಗೆ ಕ್ಷಮೆ ಬೇಡಿ ಒಬ್ಬರಿಗೊಬ್ಬರು ಕೈ ಮುಗಿಯುವಂತೆ ಮುಗಿದಳು. ಆಮೇಲೆ ಕೈ ಇಳಿಸಿದಳು.

"ನಿಯಮಕ್ಕ ಮಾತ್ರ ಕ್ಷಮಾ ಕೇಳೂದಿಲ್ಲ. ಅಳಸೂದೂ ಇಲ್ಲ."

"ಅಕ್ಕಾರ, ಹಠ ಬ್ಯಾಡ್ರಿ," ಅಂದ ವಿಕ್ರಾಂತ. "ಜಗತ್ತೆಲ್ಲಾ ಹೊಸಾದು ಆಡಾಕತ್ತೈತಿ. ನಮ್ಮದಷ್ಟ ಬ್ಯಾರೆ ಆದ್ರ ನಾಳೆ ಪುಣೆ, ಕೊಲ್ಲಾಪುರದ ಮಂದಿ ಜೋಡಿ ಕುಂತು ಆಡೂದು ಹ್ಯಾಂಗ? ನಗತಾರ."

"ನಗಲಿ. ಹೊಸಾದು ಬೇಕಾದವರು ಆಡ್ರಿ, ನನಗ ಸಿಟ್ಟಿಲ್ಲ. ನನ್ನ ಟೇಬಲ್ಲಿನಾಗ ಹೊತ್ತು ಮುಳಗತೈತಿ, ಬುತ್ತಿ ಕಟ್ಟೇ ಇರತೈತಿ."

"ಹಂಗಾದ್ರ ಆ ಪುಸ್ತಕದ ಹೆಸರ ಹೇಳಿ ಆಡಬ್ಯಾಡ್ರಿ."

"ಹೇಳೂದಿಲ್ಲ, ತಗೋ." ಅವಳು ವಹಿಯ ರಟ್ಟಿನ ಮೇಲೆ ಆ ಹೆಸರು ಬರೆದು ಅಂಟಿಸಿದ್ದ ಚೀಟಿಯನ್ನು ಉಗುರಿನಿಂದ ಕಿತ್ತು ಅವನ ಮುಂದಿಟ್ಟಳು.

ಆಗ ಮಲ್ಲೇಶ ಗೋಡೆ ಬಿಟ್ಟು ಬಂದ. ಅವನ ದನಿ ಸಣ್ಣದಾಗಿತ್ತು.

"ಅಕ್ಕಾರ, ಹಂಗಾದ್ರ ನನ್ನ ಭೈರು ಸತ್ತಿದ್ದು ಯಾತಕ್ಕ?"

ಇದಕ್ಕೇ ಅವಳು ಹೆದರಿದ್ದು. ನೆಪ ಹೇಳಬಹುದಿತ್ತು. ಹೇಳಲಿಲ್ಲ. "ನಾ ಬರದ ಮಾತಿಗೆ, ಮಲ್ಲೇಶಣ್ಣಾ. ನೀ ಅದನ್ನ ನಿನ್ನ ವಚನಾ ಅಂತ ಹಿಡದಿ."

ವಿಕ್ರಾಂತ ಮಲ್ಲೇಶನ ಹೆಗಲ ಮೇಲೆ ಕೈಯಿಟ್ಟ. "ಚಿಂತಿ ಬಿಡೋ ಮಾರಾಯಾ. ಹೊಸಾದರಾಗ ಸತ್ತವರನ್ನ ಎಬ್ಬಸಾಕ ಬರತೈತಿ. ಒಂದ ದಾಳ ಹಾಕು, ಭೈರು ಎದ್ದು ನಿಲ್ಲತಾನ. ಇಲ್ಲದ ನಿಯಮಕ್ಕ ಸತ್ತಾನಲ್ಲ, ಖರೇನ ನ್ಯಾಯ ಸಿಗತೈತಿ."

ದಾಳವನ್ನು ಮಲ್ಲೇಶನ ಅಂಗೈಯಲ್ಲಿ ಇಟ್ಟೇಬಿಟ್ಟ. ಮಲ್ಲೇಶ ಅದನ್ನು ಹೆಬ್ಬೆರಳಿನಿಂದ ಹೊರಳಿಸಿ ನೋಡಿದ. ಅವನು ಎಸೆದರೆ ತಡೆಯುವ ಹಕ್ಕು ತನಗಿಲ್ಲ ಎಂದು ಸುಗಂಧಾಗೆ ಗೊತ್ತಿತ್ತು. ಮನಸ್ಸಿನಲ್ಲೇ ಣಮೋಕಾರ ಮಂತ್ರ ಹೇಳಿಕೊಂಡು ನಿಂತಳು.

"ಐದ ದಿನಾ ಕುಂತಿದ್ದ, ಗೊತ್ತೈತೇನು ನಿನಗ?" ಅಂದ ಮಲ್ಲೇಶ. "ರೊಟ್ಟಿ ಮಡಲಾಗ ಇತ್ತು. ನೋಡವರು ಯಾರೂ ಇರಲಿಲ್ಲ. ಯಾರ ಬರದರೋ ಅಂತ ಅಂವ ಕೇಳಲಿಲ್ಲ. ಅಂಥಾವನ್ನ ಎಬ್ಬಿಸಿ ಏನಂತ ಹೇಳ್ಲಿ, ಸುಮ್ಮಸುಮ್ಮನ ಸತ್ತಿ, ಉಣ್ಣಾಕ ಏಳು ಅಂತನ?" ದಾಳವನ್ನು ವಿಕ್ರಾಂತನ ಕಿಸೆಗೆ ತಾನೇ ಹಾಕಿದ. "ಸತ್ತಾನ. ಮುಟ್ಟಬ್ಯಾಡ್ರಿ ಅವನ್ನ."

ಆಮೇಲೆ ಸುಗಂಧಾಳ ಕಡೆ ತಿರುಗಿ, "ನಿಮ್ಮ ಮ್ಯಾಲ ಸಿಟ್ಟೈತ್ರಿ. ಇನ್ನೊಂದೆರಡು ತಿಂಗಳ ಇರತೈತಿ," ಅಂದು ಕುರ್ಚಿ ಎಳೆದುಕೊಂಡು ಅವಳ ಎದುರು ಕೂತ.

ಐದು ಟೇಬಲ್ಲಿನವರು ವಿಕ್ರಾಂತನ ಕಡೆ ಸರಿದರು. ಮನಿಷಾ ನಡುವೆ ನಿಂತು ಎರಡೂ ಕಡೆ ನೋಡಿ, ಗೊಣಗುತ್ತ, ಮಲ್ಲೇಶನ ಪಕ್ಕಕ್ಕೆ ಬಂದಳು.

"ಮೂರ ಟೇಬಲ್ ಉಳದಾವ್ರಿ ಅಕ್ಕಾರ," ಅಂದ ವಿಕ್ರಾಂತ.

"ಕಥಿ ಹೇಳಾಕ ಅಷ್ಟ ಮಂದಿ ಬಾಳ ಆತು," ಅಂದಳು ಸುಗಂಧಾ. ವಹಿಯ ಹೊಸ ಹಾಳೆ ತಿರುವಿ, ಮಲ್ಲೇಶನ ಮುಂದೆ ಪೆನ್ನು ಇಟ್ಟು, ಈ ಸಲ ಯಾರಾಗಿ ಬರುತ್ತೀ ಎಂದು ಕೇಳಿದಳು.