ತಂಗಿಯ ಹೆಬ್ಬೆಟ್ಟು

ದೊಡ್ಡಕ್ಕನ ಬೆರಳುಗಳಲ್ಲಿ ಗೆರೆಗಳಿರಲಿಲ್ಲ. ಆಸ್ಪತ್ರೆಯ ಹೊಲಸು ಬಟ್ಟೆಗಳನ್ನು ಸೋಡಾ ಬೆರೆಸಿದ ಬಿಸಿನೀರಲ್ಲಿ ಒಗೆದೂ ಒಗೆದೂ ಸವೆದುಹೋಗಿದ್ದವು. ನಿವೃತ್ತಿಯಾದಾಗ ಪಿಂಚಣಿ ಕಚೇರಿಯ ಯಂತ್ರದ ಮೇಲೆ ಯಾವ ಬೆರಳು ಒತ್ತಿದರೂ ಕೆಂಪು ದೀಪವೇ ಹತ್ತಿತು. ಹಿಂದೆ ಸರದಿ ಬೆಳೆಯುತ್ತಿತ್ತು. "ಜೊತೆಗೆ ಬಂದಿರೋರು ತಂಗಿಯಾ? ಅವರದ್ದೇ ಒತ್ತಿಸಿ, ಕೆಲಸ ಮುಗೀಲಿ" ಎಂದ ಅಂದಿನ ಗುಮಾಸ್ತ. ಅಂದಿನಿಂದ ಅಕ್ಕ ಬದುಕಿದ್ದಾಳೆಂದು ತೋರಿಸಲು ವರ್ಷಕ್ಕೊಮ್ಮೆ ತಂಗಿಯೂ ಹೋಗಿ ಹೆಬ್ಬೆಟ್ಟು ಒತ್ತುತ್ತಿದ್ದಳು. "ನಾನಿರೋ ತನಕ ನಿಂಗೆ ಸಾವಿಲ್ಲ ಕಣೇ" ಎಂದು ನಗುತ್ತಿದ್ದಳು.

ತಂಗಿ ತೀರಿಕೊಂಡು ಹತ್ತು ತಿಂಗಳಾದ ಮೇಲೆ ಕಾಗದ ಬಂತು. ಪಿಂಚಣಿದಾರರು ಮೃತರಾದ ನಂತರವೂ ಪಾವತಿಯಾದ ಹಣವನ್ನು ವಾರಸುದಾರರು ಹಿಂದಿರುಗಿಸಬೇಕಂತೆ. ತನ್ನ ಮಗಳು ಓದಿ ಹೇಳುತ್ತಿದ್ದಂತೆ ದೊಡ್ಡಕ್ಕ ಅವಳನ್ನು ಕರೆದುಕೊಂಡು ಕಚೇರಿಗೆ ಹೊರಟಳು.

ಕಚೇರಿಯಲ್ಲಿ ಈಗ ಗುಮಾಸ್ತೆಯಾಗಿದ್ದವಳು ಚಿಕ್ಕ ಹುಡುಗಿ. ಪರದೆ ನೋಡಿದಳು, ಮುದುಕಿಯನ್ನು ನೋಡಿದಳು.

"ತಂಗೀನ ಆಸ್ಪತ್ರೆಗೆ ಸೇರಿಸಿದಾಗ ಹೆಬ್ಬೆಟ್ಟು ತಗೊಂಡ್ರಾ?"

"ಹೂಂ."

"ಆ ಹೆಬ್ಬೆಟ್ಟಿಗೆ ಅಲ್ಲಿನ ಯಂತ್ರ ನಿಮ್ಮ ಹೆಸರು ತೋರಿಸಿದೆ. ಸತ್ತಿದ್ದು ನೀವು ಅಂತ ಬರ್ಕೊಂಡಿದಾರೆ."

"ಅಯ್ಯೋ, ಕಣ್ಮುಂದೆ ಗುಂಡುಕಲ್ಲಿನ ಹಾಗೆ ಕೂತಿದೀನಲ್ಲೇ ತಾಯಿ! ಬೇಕಿದ್ರೆ ಮುಟ್ಟಿ ನೋಡು."

"ನಾನು ಮುಟ್ಟಿದ್ರೆ ಆಗಲ್ಲಮ್ಮ. ಯಂತ್ರ ಒಪ್ಪಬೇಕು."

ಗುಮಾಸ್ತೆ ದನಿ ತಗ್ಗಿಸಿದಳು. "ನಡೆದದ್ದು ಬರ್ಕೊಟ್ರೆ ಬದುಕ್ತೀರಿ. ಆದ್ರೆ ಬೇರೆಯವರ ಹೆಬ್ಬೆಟ್ಟಿನ ಮೇಲೆ ತಗೊಂಡಿದ್ದು ಅಂತ ಒಂಬತ್ತು ವರ್ಷದ್ದೂ ವಸೂಲಿಗೆ ಬರುತ್ತೆ. ಬರ್ಕೊಡದಿದ್ರೆ ಹತ್ತು ತಿಂಗಳದ್ದು ಕಟ್ಟಿದ್ರೆ ಮುಗೀತು. ಪಿಂಚಣಿ ಮಾತ್ರ ನಿಂತ್ಹೋಗುತ್ತೆ."

"ಒತ್ತಿಸಿ ಅಂದಿದ್ದೇ ನಿಮ್ಮೋನಲ್ವೇ?"

"ಅವರು ನಿವೃತ್ತರಾದ್ರು. ಪಿಂಚಣಿ ಸರಿಯಾಗಿ ಬರ್ತಿದೆ."

ಮಗಳು ದೊಡ್ಡಕ್ಕನ ಮೊಣಕೈ ಹಿಡಿದಳು. "ಅಮ್ಮ, ಒಂಬತ್ತು ವರ್ಷದ್ದು ಎಲ್ಲಿಂದ ತರೋದು? ಸತ್ತೋಳಾಗೇ ಇದ್ಬಿಡು."

ದೊಡ್ಡಕ್ಕ ತಲೆಯಾಡಿಸಿದಳೋ, ತಲೆ ತಾನಾಗಿಯೇ ನಡುಗಿತೋ, ಮಗಳು ಅದನ್ನು ಒಪ್ಪಿಗೆಯೆಂದುಕೊಂಡಳು. ವಾರಸುದಾರಳೆಂದು ಸಹಿ ಹಾಕಿದಳು.

"ಸಾವಿಗೆ ಸಾಕ್ಷಿ ಬೇಕು. ಹತ್ತಿರದ ಸಂಬಂಧಿ ಆಗಬೇಕು" ಎಂದಳು ಗುಮಾಸ್ತೆ, ತಲೆಯೆತ್ತದೆ.

"ಇವರೇ ಇದಾರಲ್ಲ" ಎಂದಳು ಮಗಳು, ತಾಯಿಯತ್ತ ತೋರಿಸಿ. "ನಮ್ಮ ಚಿಕ್ಕಮ್ಮ."

ಶಾಯಿಯ ಡಬ್ಬಿ ಮುಂದೆ ಬಂತು. ದೊಡ್ಡಕ್ಕ ಹೆಬ್ಬೆಟ್ಟು ಒತ್ತಿದಳು. ಗೆರೆಯೊಂದೂ ಇಲ್ಲದ ಕರೀ ಮಚ್ಚೆ ಬಿತ್ತು. ಕಾಗದಕ್ಕೆ ಅಷ್ಟು ಸಾಕಾಯಿತು.

ಹಣ ಕಟ್ಟಲು ಮಾರಿದ ಎರಡು ಬಳೆ, ಬರಬೇಕಿದ್ದ ಪಿಂಚಣಿ, ಒಬ್ಬ ತಂಗಿ, ಒಬ್ಬ ಅಕ್ಕ. ಹೋದದ್ದು ಇಷ್ಟು.